ಕಳೆಯುವ ಲೆಕ್ಕ

ಬೆಂಕಿ ನಂದಿಸಲು ಓಡುವವನಿಗೆ ಅವನು ಹೊತ್ತ ಪಂಪಿನ ಭಾರವೇ ಮೊದಲ ಶತ್ರು. ಎರಡನೆಯ ಮಹಾಯುದ್ಧದಲ್ಲಿ ಬಾಂಬುಗಳಿಗೆ ಸಿಕ್ಕಿ ಉರಿದ ಇಂಗ್ಲೆಂಡಿನ ಊರುಗಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಂಥ ಊರುಗಳಲ್ಲಿ ಕೊವೆಂಟ್ರಿ ಒಂದು. 1940ರ ನವೆಂಬರಿನ ಒಂದೇ ರಾತ್ರಿಯಲ್ಲಿ ಆ ನಗರದ ನಡುಭಾಗ ಬೂದಿಯಾಯಿತು. ಅದೇ ಊರಿನ ಹೆಸರು ಹೊತ್ತ ಕೊವೆಂಟ್ರಿ ಕ್ಲೈಮ್ಯಾಕ್ಸ್ ಎಂಬ ಕಂಪೆನಿ ಯುದ್ಧಕಾಲದಲ್ಲಿ ಬೆಂಕಿ ಆರಿಸುವ ಪಂಪುಗಳನ್ನು ಮಾಡುತ್ತಿತ್ತು. ಯುದ್ಧ ಮುಗಿದ ಮೇಲೆ, 1950ರ ಸುಮಾರಿಗೆ, ಬ್ರಿಟನ್ ಸರಕಾರ ಹೊಸ ಬಗೆಯ ಪಂಪ್ ಬೇಕೆಂದು ಕೇಳಿತು. ಹಳೆಯದರ ಎರಡು ಪಟ್ಟು ನೀರೆತ್ತಬೇಕು, ತೂಕ ಮಾತ್ರ ಅರ್ಧಕ್ಕೆ ಇಳಿಯಬೇಕು. ವಾಲ್ಟರ್ ಹ್ಯಾಸನ್ ಮತ್ತು ಹ್ಯಾರಿ ಮಂಡಿ ಎಂಬ ಇಬ್ಬರು ಇಂಜಿನಿಯರುಗಳು ಇಡೀ ಎಂಜಿನ್ನನ್ನು ಅಲ್ಯೂಮಿನಿಯಂನಲ್ಲಿ ಎರಕ ಹೊಯ್ಯಿಸಿ ಅದನ್ನು ಸಾಧಿಸಿದರು. ಹಕ್ಕಿಯ ಗರಿಯಷ್ಟು ಹಗುರ ಎಂಬ ಅರ್ಥದ ಎರಡು ಇಂಗ್ಲಿಷ್ ಪದಗಳ ಮೊದಲಕ್ಷರ ಹಿಡಿದು ಅದಕ್ಕೆ ಎಫ್‌ಡಬ್ಲ್ಯೂ ಎಂದು ಹೆಸರಿಟ್ಟರು.

ಇಷ್ಟು ಹಗುರವಾದ ಎಂಜಿನ್ ಪಂಪಿಗಷ್ಟೇ ಏಕೆ ಎಂದು ರೇಸ್ ಕಾರು ಕಟ್ಟುವವರು ಕಂಪೆನಿಯ ಬೆನ್ನು ಬಿದ್ದರು. ಹೀಗೆ ಹುಟ್ಟಿದ್ದು ಎಫ್‌ಡಬ್ಲ್ಯೂಎ. ಗಾತ್ರ 1,100 ಸಿಸಿಗೆ ಕೂದಲೆಳೆಯಷ್ಟು ಕಡಿಮೆ, ಶಕ್ತಿ ಸುಮಾರು 75 ಕುದುರೆ. ನಾನು ಇಲ್ಲಿ ಓದಲು ಹೊರಟಿರುವ ಕಾರಿನ ಎದೆಯಲ್ಲಿ ಇರುವುದು ಇದೇ ಪಂಪಿನ ಎಂಜಿನ್. ಕಾರಿನ ಹೆಸರು ಲೋಟಸ್ ಇಲೆವೆನ್. ಹುಟ್ಟಿದ್ದು 1956ರಲ್ಲಿ.

‘ಓದಲು’ ಎಂದದ್ದು ಬಾಯಿ ತಪ್ಪಿ ಅಲ್ಲ. ಕತೆ, ಕವಿತೆಗಳಿಗೆ ಮಾತ್ರ ವಿಮರ್ಶೆ ಎಂಬ ನಮ್ಮ ರೂಢಿಯಲ್ಲಿ ಏನೋ ಸೋಮಾರಿತನವಿದೆ. ಒಂದು ಕುರ್ಚಿ, ಒಂದು ಸೇತುವೆ, ಒಂದು ಕಾರು ಇವೆಲ್ಲ ಯಾರೋ ಕೂತು ಯೋಚಿಸಿ, ಇದಿರಲಿ ಅದು ಬೇಡ ಎಂದು ಆಯ್ದು ಮಾಡಿದವೇ. ಆಯ್ಕೆ ಇದ್ದಲ್ಲಿ ಹೊಣೆಯೂ ಇರುತ್ತದೆ. ಹೊಣೆ ಇದ್ದಲ್ಲಿ ವಿಮರ್ಶೆಗೆ ಕೆಲಸವಿದೆ.

ಇಲೆವೆನ್ ಕಾರನ್ನು ಕಟ್ಟಿಸಿದ ಕಾಲಿನ್ ಚಾಪ್‌ಮನ್‌ಗೆ ಆಗ ಇಪ್ಪತ್ತೆಂಟರ ಆಸುಪಾಸು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಓದಿದ್ದು ಕಟ್ಟಡ, ಸೇತುವೆಗಳ ಇಂಜಿನಿಯರಿಂಗ್. 1948ರಲ್ಲಿ ಒಂದು ಹಳೆಯ ಆಸ್ಟಿನ್ ಸೆವೆನ್ ಕಾರನ್ನು ಬಿಚ್ಚಿ ತನ್ನದೇ ಮೊದಲ ಕಾರು ಕಟ್ಟಿಕೊಂಡ. 1952ರಲ್ಲಿ, ಮುಂದೆ ತನ್ನ ಹೆಂಡತಿಯಾದ ಹೇಜಲ್ ಕೈಯಿಂದ 25 ಪೌಂಡ್ ಸಾಲ ಪಡೆದು, ಉತ್ತರ ಲಂಡನ್ನಿನ ಹಾರ್ನ್‌ಸಿಯಲ್ಲಿ ಅಪ್ಪ ನಡೆಸುತ್ತಿದ್ದ ಹೋಟೆಲಿನ ಹಿಂದಿನ ಕುದುರೆ ಲಾಯದಲ್ಲಿ ಲೋಟಸ್ ಎಂಬ ಬೋರ್ಡು ಹಾಕಿದ. ಕಾರಿಗೆ ಕಮಲದ ಹೆಸರು ಏಕೆ ಎಂದು ಕೇಳಿದವರಿಗೆ ಆತ ಕೊನೆಯವರೆಗೂ ಬಾಯಿ ಬಿಡಲಿಲ್ಲ. ಇರಲಿ, ಹೆಸರಿನ ಗುಟ್ಟು ಗಂಡಹೆಂಡಿರ ನಡುವೆಯೇ ಉಳಿಯಲಿ.

ಆ ಲಾಯದಲ್ಲಿ ಹಣವಿರಲಿಲ್ಲ. ಈ ಕಾರನ್ನು ಅರ್ಥ ಮಾಡಿಕೊಳ್ಳಲು ಇಲ್ಲಿಂದಲೇ ಶುರು ಮಾಡಬೇಕು. ಮುಂದಿನ ಚಕ್ರಗಳನ್ನು ಹಿಡಿದಿಡುವ ವ್ಯವಸ್ಥೆಯನ್ನೇ ನೋಡಿ. ಹೊಸದಾಗಿ ರೂಪಿಸಿ ಎರಕ ಹೊಯ್ಯಿಸಿ ತರಲು ದುಡ್ಡೆಲ್ಲಿ? ಅಗ್ಗದ ಫೋರ್ಡ್ ಕಾರಿನ ಮುಂದಿನ ಅಚ್ಚನ್ನು ತಂದು, ಅದನ್ನು ನಡುವೆ ಗರಗಸದಿಂದ ಎರಡು ತುಂಡು ಮಾಡಿ, ನಡುವೆ ಕೀಲು ಹಾಕಿದರು. ಒಂದೇ ಗಟ್ಟಿ ಅಚ್ಚಾಗಿದ್ದದ್ದು ಎರಡು ಸ್ವತಂತ್ರ ತೋಳುಗಳಾಯಿತು. ಎಡ ಚಕ್ರ ಗುಂಡಿಗೆ ಬಿದ್ದರೆ ಬಲ ಚಕ್ರಕ್ಕೆ ಅದರ ಸುದ್ದಿ ಮುಟ್ಟುವುದಿಲ್ಲ. ನಮ್ಮ ಊರುಗಳ ಗ್ಯಾರೇಜುಗಳಲ್ಲಿ, ಗುಜರಿ ಅಂಗಡಿಗಳ ಮುಂದೆ ನಿಂತು ಗೊತ್ತಿದ್ದವರಿಗೆ ಈ ಬುದ್ಧಿ ಹೊಸದಾಗಿ ಕಾಣಲಾರದು. ಇದು ಒಳ್ಳೆಯ ವ್ಯವಸ್ಥೆಯೇನೂ ಆಗಿರಲಿಲ್ಲ ಎಂಬುದನ್ನೂ ಹೇಳಬೇಕು. ಚಕ್ರ ಮೇಲೆ ಕೆಳಗೆ ಆಡುವಾಗ ಅದರ ವಾಲುವಿಕೆ ವಿಪರೀತ ಬದಲಾಗುತ್ತಿತ್ತು. 1957ರಲ್ಲಿ ಕೈಯಲ್ಲಿ ನಾಲ್ಕು ಕಾಸು ಓಡಾಡತೊಡಗಿದಾಗ, ಎರಡನೆಯ ಸರಣಿಯ ಇಲೆವೆನ್‌ಗೆ ಇದನ್ನು ಬಿಟ್ಟು ಬೇರೆಯದೇ ತೋಳುಗಳನ್ನು ಕೊಟ್ಟರು. ಬಡತನದಲ್ಲಿ ಮಾಡಿದ್ದೆಲ್ಲ ಜಾಣತನ ಎಂದು ಹೊಗಳುವ ಒಂದು ಚಾಳಿ ನಮ್ಮಲ್ಲಿದೆ. ಚಾಪ್‌ಮನ್ ಹಾಗೆ ಹೊಗಳಿಕೊಳ್ಳಲಿಲ್ಲ, ಸಾಧ್ಯವಾದ ಕೂಡಲೆ ಕಿತ್ತೆಸೆದ.

ಕಾರಿನ ಎಲುಬುಗೂಡಿನ ಮಾತೇ ಬೇರೆ. ಅದರಲ್ಲಿ ಬಡತನವೂ ಓದೂ ಒಂದಾಗಿವೆ. ಆ ಕಾಲದ ಬಹುತೇಕ ಕಾರುಗಳ ಅಡಿಯಲ್ಲಿ ಎರಡು ದಪ್ಪ ಉಕ್ಕಿನ ತೊಲೆಗಳು ಏಣಿಯಂತೆ ಮಲಗಿರುತ್ತಿದ್ದವು. ಗಟ್ಟಿ ಬೇಕೆಂದರೆ ತೊಲೆಯನ್ನು ಇನ್ನೂ ದಪ್ಪ ಮಾಡುವುದೊಂದೇ ದಾರಿ. ಸೇತುವೆ ಕಟ್ಟುವುದನ್ನು ಓದಿದವನು ಹಾಗೆ ಯೋಚಿಸುವುದಿಲ್ಲ. ನಾಲ್ಕು ಬಿದಿರು ಗಳಗಳನ್ನು ಚೌಕಾಕಾರದಲ್ಲಿ ಕಟ್ಟಿ ಮೂಲೆ ಹಿಡಿದು ಒತ್ತಿದರೆ ಚೌಕ ಸೊಟ್ಟಗಾಗುತ್ತದೆ. ಮೂಲೆಯಿಂದ ಮೂಲೆಗೆ ಒಂದು ಅಡ್ಡ ಗಳ ಕಟ್ಟಿದರೆ ಎಷ್ಟು ಒತ್ತಿದರೂ ಜಗ್ಗುವುದಿಲ್ಲ. ಮದುವೆ ಚಪ್ಪರ ಹಾಕುವವರಿಗೆಲ್ಲ ಇದು ಗೊತ್ತು. ಹೀಗೆ ತ್ರಿಕೋನಗಳಾಗಿ ಜೋಡಿಸಿದಾಗ ಯಾವ ಕೊಳವೆಯೂ ಬಾಗಬೇಕಾಗಿಲ್ಲ, ಒಂದೋ ಎಳೆತ ತಾಳಬೇಕು, ಇಲ್ಲವೇ ಒತ್ತಡ. ಅದಕ್ಕೆ ತೆಳ್ಳಗಿನ ಕೊಳವೆ ಸಾಕು. ಇಲೆವೆನ್‌ನ ಗೂಡು ಹೆಬ್ಬೆರಳಿಗಿಂತ ತುಸು ದಪ್ಪದ, ಕೆಲವೆಡೆ ಅದಕ್ಕೂ ಸಣ್ಣ ಉಕ್ಕಿನ ಕೊಳವೆಗಳ ಬೆಸುಗೆ.

ಆದರೆ ಒಂದು ತೊಡಕಿದೆ. ಮನುಷ್ಯ ಕೂರುವ ಜಾಗಕ್ಕೆ ಅಡ್ಡ ಕೊಳವೆ ಹಾಕುವಂತಿಲ್ಲ, ಹಾಕಿದರೆ ಮನುಷ್ಯ ಒಳಗೆ ಹೋಗುವುದು ಹೇಗೆ? ಇಂಥ ಗೂಡುಗಳ ದುರ್ಬಲ ಭಾಗ ಯಾವಾಗಲೂ ಮನುಷ್ಯ ಕೂರುವ ಭಾಗವೇ. ಇಲೆವೆನ್ ಇದಕ್ಕೆ ಕೊಟ್ಟ ಪರಿಹಾರ ನನಗೆ ಈ ಕಾರಿನ ಅತ್ಯಂತ ಚಂದದ ಯೋಚನೆಯಾಗಿ ಕಾಣುತ್ತದೆ. ಎಂಜಿನ್ನಿನಿಂದ ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ದಂಡ ಚಾಲಕನ ಪಕ್ಕದಲ್ಲೇ ಹಾದುಹೋಗುತ್ತದೆ. ಅದರ ಮೇಲೆ ಹೇಗಿದ್ದರೂ ಒಂದು ಮುಚ್ಚಳ ಬೇಕು. ನೆಲಕ್ಕೂ ಹೇಗಿದ್ದರೂ ತಗಡು ಹಾಸಬೇಕು. ಈ ಮುಚ್ಚಳವನ್ನೂ ನೆಲದ ತಗಡನ್ನೂ ಕೊಳವೆಗಳಿಗೆ ಸಾಲಾಗಿ ರಿವಿಟ್ ಹೊಡೆದು ಬಿಗಿದರೆ, ಅಡ್ಡ ಕೊಳವೆ ಮಾಡಬೇಕಾದ ಕೆಲಸವನ್ನು ತಗಡೇ ಮಾಡುತ್ತದೆ. ಬರಿಯ ಮುಚ್ಚಳವಾಗಿ ಬಿದ್ದಿರಬಹುದಾಗಿದ್ದ ವಸ್ತು ಭಾರ ಹೊರುವ ಆಳಾಯಿತು. ಸಣ್ಣ ಕತೆ ಬರೆಯುವವರಿಗೆ ಇದರ ಬೆಲೆ ಗೊತ್ತಿರಬೇಕು. ಹವಾಮಾನ ಹೇಳಲು ಒಂದು ವಾಕ್ಯ, ಪಾತ್ರದ ಮನಸ್ಸು ಹೇಳಲು ಇನ್ನೊಂದು ವಾಕ್ಯ ಎಂದು ಬರೆಯುವವನು ಏಣಿಯಂಥ ಚಾಸಿ ಕಟ್ಟುತ್ತಾನೆ. ನಾನೂ ಬಹಳ ವರ್ಷ ಹಾಗೇ ಬರೆದಿದ್ದೇನೆ ಬಿಡಿ.

ಹಿಂದಿನ ಭಾಗದಲ್ಲೂ ಇದೇ ಲೆಕ್ಕ. ಲೆ ಮಾನ್ ಎಂದು ಕರೆದ ದುಬಾರಿ ಮಾದರಿಯಲ್ಲಿ ಹಿಂದಿನ ಬ್ರೇಕುಗಳು ಚಕ್ರದ ಬಳಿ ಇಲ್ಲ, ಒಳಗೆ ನಡುವಿನ ಡಿಫರೆನ್ಷಿಯಲ್ ಪೆಟ್ಟಿಗೆಯ ಎರಡು ಬದಿಗೆ ಇವೆ. ಚಕ್ರದ ಜೊತೆ ಮೇಲೆ ಕೆಳಗೆ ಕುಣಿಯುವ ತೂಕ ಕಡಿಮೆಯಾದಷ್ಟೂ ಚಕ್ರ ನೆಲ ಬಿಡುವುದಿಲ್ಲ, ಅಷ್ಟೇ. ಕಡಿಮೆ ದುಡ್ಡಿನವರಿಗೆ ಗಟ್ಟಿ ಅಚ್ಚಿನ ಕ್ಲಬ್ ಮಾದರಿ ಇತ್ತು. ಇನ್ನೂ ಕಡಿಮೆಯವರಿಗೆ ಕ್ಲೈಮ್ಯಾಕ್ಸ್ ಎಂಜಿನ್ನಿನ ಬದಲು 1,172 ಸಿಸಿಯ ಸಾಧಾರಣ ಫೋರ್ಡ್ ಎಂಜಿನ್ ಕೂರಿಸಿದ ಸ್ಪೋರ್ಟ್ ಮಾದರಿ. ಮೈ ಮೂರಕ್ಕೂ ಒಂದೇ. ಎಲ್ಲ ಸೇರಿ ಸುಮಾರು 270 ಕಾರುಗಳು ತಯಾರಾದವು. ಲೆ ಮಾನ್ ಮಾದರಿಯ ತೂಕ ಸುಮಾರು 450 ಕೆ.ಜಿ. ನಮ್ಮ ರಸ್ತೆಗಳಲ್ಲಿ ಓಡಿದ ಅಂಬಾಸಿಡರ್ ಕಾರಿನ ಅರ್ಧದಷ್ಟೂ ಇಲ್ಲ.

ಇನ್ನು ಹೊರಮೈ. ಚಿತ್ರ ನೋಡಿದವರು ಮರೆಯುವುದು ಕಷ್ಟ. ಮೂತಿಯಲ್ಲಿ ಮೊಟ್ಟೆಯಾಕಾರದ ಸಣ್ಣ ಬಾಯಿ. ಮುಂದಿನ ಚಕ್ರಗಳ ಮೇಲೆ ಎರಡು ದುಂಡು ಉಬ್ಬು, ಅವುಗಳ ನಡುವೆ ತಗ್ಗಿ ಹರಿಯುವ ಬಾನೆಟ್. ನೆಲಕ್ಕಂಟಿ ಓಡುವ ಈ ಕಾರು ದೊಡ್ಡವರ ಸೊಂಟದೆತ್ತರಕ್ಕೂ ಬರುವುದಿಲ್ಲ. ಚಾಲಕನ ತಲೆಯ ಹಿಂದೆ ಮೀನಿನ ಬೆನ್ನಿನ ರೆಕ್ಕೆಯಂತೆ ಎದ್ದು ಬಾಲದವರೆಗೆ ಇಳಿಯುವ ಒಂದು ಏರು. ಮುಂಭಾಗವನ್ನು ಮುಂದಕ್ಕೂ ಹಿಂಭಾಗವನ್ನು ಹಿಂದಕ್ಕೂ ಪೂರ್ತಿ ತೆರೆಯಬಹುದು. ಹಾಗೆ ತೆರೆದಿಟ್ಟಾಗ ಒಳಗಿನ ಗೂಡೆಲ್ಲ ಬಟಾಬಯಲು.

ಇದನ್ನು ರೂಪಿಸಿದವನು ಫ್ರಾಂಕ್ ಕಾಸ್ಟಿನ್. ಕಾರಿನ ಜಗತ್ತಿನವನೇ ಅಲ್ಲ, ಡಿ ಹ್ಯಾವಿಲೆಂಡ್ ವಿಮಾನ ಕಂಪೆನಿಯಲ್ಲಿ ಗಾಳಿಯ ಹರಿವಿನ ಲೆಕ್ಕ ಮಾಡುತ್ತಿದ್ದವನು. ತಮ್ಮ ಮೈಕ್ ಕಾಸ್ಟಿನ್ ಲೋಟಸ್‌ನಲ್ಲಿ ಕೆಲಸಕ್ಕಿದ್ದ. ತಮ್ಮನ ಮಾತಿಗೆ ಅಣ್ಣ ಬಂದ. 1954ರ ಮಾರ್ಕ್ 8, ನಂತರದ ಮಾರ್ಕ್ 9 ಕಾರುಗಳಿಗೆ ಮೈ ಕೊಟ್ಟ. ಅವುಗಳ ಹಿಂದೆ ವಿಮಾನದ ಬಾಲದಂಥ ಎತ್ತರದ ಎರಡು ರೆಕ್ಕೆಗಳಿದ್ದವು. ಕಾರಿನ ಮೈಗೆ ಉಣ್ಣೆಯ ದಾರದ ತುಂಡುಗಳನ್ನು ಅಂಟಿಸಿ, ಓಡುವ ಕಾರಿನ ಬಾನೆಟ್ ಮೇಲೆ ತನ್ನನ್ನೇ ಕಟ್ಟಿಸಿಕೊಂಡು ಮಲಗಿ, ದಾರಗಳು ಯಾವ ಕಡೆ ವಾಲುತ್ತವೆ, ಎಲ್ಲಿ ಪಟಪಟನೆ ಒದರುತ್ತವೆ ಎಂದು ನೋಡುತ್ತಿದ್ದ. ದಾರ ಒದರಿದ ಕಡೆ ಗಾಳಿ ಸುಳಿಗಟ್ಟುತ್ತಿದೆ ಎಂದರ್ಥ. ಇಲೆವೆನ್‌ಗೆ ಬರುವ ಹೊತ್ತಿಗೆ ಆ ಎರಡು ರೆಕ್ಕೆಗಳು ಮಾಯವಾದವು. ಕಾಸ್ಟಿನ್ ತನ್ನದೇ ಹಳೆಯ ಸಾಲನ್ನು ಹೊಡೆದು ಹಾಕಿದ್ದ.

1956ರಲ್ಲೇ ಚಾಲಕನ ತಲೆಯ ಮೇಲೆ ಪಾರದರ್ಶಕ ಗುಳ್ಳೆಯೊಂದನ್ನು ಕವುಚಿದ ಇಲೆವೆನ್ ಕಾರನ್ನು ಇಟಲಿಯ ಮೊಂಜಾಕ್ಕೆ ಒಯ್ದು ಸ್ಟರ್ಲಿಂಗ್ ಮಾಸ್ ಕೈಗೆ ಕೊಟ್ಟರು. ಗಂಟೆಗೆ 230 ಕಿಲೋಮೀಟರ್ ವೇಗದಲ್ಲಿ ಒಂದು ಸುತ್ತು ಬಂದು ಆ ಎಂಜಿನ್ ವರ್ಗದ ದಾಖಲೆ ಬರೆದ. ಎಂಜಿನ್ ಅದೇ, ಬೆಂಕಿ ಪಂಪಿನ ಮರಿ. ವೇಗ ಬಂದದ್ದು ದಾರದ ತುಂಡುಗಳ ಪಾಠದಿಂದ.

ಕಾರಿನ ಪುಸ್ತಕಗಳೆಲ್ಲ ಚಾಪ್‌ಮನ್ ಹೆಸರು ಹೇಳುತ್ತವೆ, ಸ್ವಲ್ಪ ತಿಳಿದವು ಕಾಸ್ಟಿನ್ ಹೆಸರನ್ನೂ ಸೇರಿಸುತ್ತವೆ. ಆದರೆ ಕಾಗದದ ಮೇಲಿನ ಗೆರೆ ತಾನಾಗಿ ತಗಡಾಗುವುದಿಲ್ಲವಲ್ಲ. ಈ ಮೈಗಳನ್ನು ಬಡಿದದ್ದು ಉತ್ತರ ಲಂಡನ್ನಿನ ಎಡ್ಮಂಟನ್‌ನಲ್ಲಿದ್ದ ವಿಲಿಯಮ್ಸ್ ಅಂಡ್ ಪ್ರಿಚರ್ಡ್ ಎಂಬ ಸಣ್ಣ ಕಾರ್ಖಾನೆ. ಕೊಳವೆಗಳನ್ನು ಬೆಸೆದದ್ದು ಪ್ರೋಗ್ರೆಸ್ ಚಾಸಿ ಎಂಬ ಇನ್ನೊಂದು ಪುಟ್ಟ ಶೆಡ್ಡು. ಚಪ್ಪಟೆ ಅಲ್ಯೂಮಿನಿಯಂ ಹಾಳೆಯನ್ನು ಎರಡು ಉರುಳೆಗಳ ನಡುವೆ ನೂರಾರು ಸಲ ಹಿಂದಕ್ಕೂ ಮುಂದಕ್ಕೂ ಆಡಿಸಿ ಹಿಗ್ಗಿಸುತ್ತಾರೆ. ಕಡಿಮೆ ಆಡಿಸಿದರೆ ಉಬ್ಬು ಏಳುವುದಿಲ್ಲ, ಹೆಚ್ಚಾದರೆ ಹಾಳೆ ಸೊರಗಿ ಸೀಳುತ್ತದೆ. ಎಲ್ಲಿ ನಿಲ್ಲಿಸಬೇಕು ಎಂಬುದು ಅಂಗೈಗೆ ಮಾತ್ರ ಗೊತ್ತು. ಟಿಂಕರಿಂಗ್ ಕೆಲಸದವರು ಕಣ್ಣು ಬೇರೆಲ್ಲೋ ಇಟ್ಟು, ಬೆರಳ ತುದಿಯಿಂದ ತಗಡನ್ನು ಸವರಿ, ನಮಗೆ ಕಾಣದ ಉಬ್ಬನ್ನು ಹುಡುಕುವುದನ್ನು ನೋಡಿದವರು ಇದನ್ನು ಊಹಿಸಬಲ್ಲರು. ಕಾಸ್ಟಿನ್‌ನ ಗೆರೆ ಎಷ್ಟು ಚಂದ ಎಂದು ಬರೆಯುವಾಗ ನಾವು ನಿಜದಲ್ಲಿ ಹೊಗಳುತ್ತಿರುವುದು ಈ ಬೆರಳುಗಳನ್ನೂ ಹೌದು. ಎರಡನ್ನು ಬೇರ್ಪಡಿಸಲು ಬರುವುದಿಲ್ಲ.

ಈ ಕಾರಿನಲ್ಲಿ ಒಂದು ಸುಳ್ಳೂ ಇದೆ. ಸ್ಪೋರ್ಟ್ಸ್ ಕಾರು ಎಂದು ಕರೆಸಿಕೊಳ್ಳಲು ನಿಯಮದ ಪ್ರಕಾರ ಎರಡು ಸೀಟು ಬೇಕು. ಇಲೆವೆನ್‌ನಲ್ಲಿ ಎರಡು ಸೀಟುಗಳಿಗೂ ಜಾಗವಿದೆ. ಆದರೆ ಸ್ಪರ್ಧೆಗೆ ಇಳಿದಾಗ ಎರಡನೆಯ ಸೀಟಿನ ಮೇಲೆ ಗಾಳಿ ನುಣುಪಾಗಿ ಜಾರಲೆಂದು ತಗಡಿನ ಮುಚ್ಚಳ ಬಿಗಿಯುತ್ತಿದ್ದರು. ಜೊತೆಗಾರನಿಗೆ ಜಾಗ ಇದೆ ಎಂದು ಹೇಳಿ ಬಾಗಿಲು ಹಾಕಿದ ಹಾಗೆ. ಆ ಕಾಲದಲ್ಲಿ ಇದನ್ನು ಎಲ್ಲ ಕಂಪೆನಿಗಳೂ ಮಾಡುತ್ತಿದ್ದವು, ಲೋಟಸ್ ಒಂದನ್ನೇ ದೂರುವಂತಿಲ್ಲ. ಆದರೂ, ಒಂದು ಕೊಳವೆಯೂ ಕೆಲಸವಿಲ್ಲದೆ ಇರಬಾರದು ಎಂದು ಹಟ ಹಿಡಿದ ಕಾರಿನಲ್ಲಿ ಕೆಲಸವೇ ಇಲ್ಲದ ಒಂದು ಇಡೀ ಆಸನ ಕತ್ತಲಲ್ಲಿ ಕೂತಿರುವುದು ನನಗೆ ತಮಾಷೆಯಾಗಿ ಕಾಣುತ್ತದೆ.

ಕಾಗದದ ಮೇಲೆ ಯಾವ ವಿನ್ಯಾಸವೂ ಚಂದವೇ. ಫ್ರಾನ್ಸಿನ ಲೆ ಮಾನ್‌ನ 24 ಗಂಟೆಗಳ ಓಟದಲ್ಲಿ ಅದರ ಬಣ್ಣ ಬಯಲಾಗುತ್ತದೆ. 1955ರಲ್ಲಿ ಅಲ್ಲಿ ಕಾರೊಂದು ಜನರ ಮೇಲೆ ಹಾರಿ ಎಂಬತ್ತಕ್ಕೂ ಹೆಚ್ಚು ಮಂದಿ ಸತ್ತಿದ್ದರು. ಮರುವರ್ಷ ಅಲ್ಲಿಗೆ ಇಲೆವೆನ್ ಬಂತು. ಬಿಕ್‌ನೆಲ್ ಮತ್ತು ಜಾಪ್ ಓಡಿಸಿದ ಕಾರು ಎಲ್ಲರ ನಡುವೆ 7ನೆಯದಾಗಿ, 1,100 ಸಿಸಿ ವರ್ಗದಲ್ಲಿ ಮೊದಲನೆಯದಾಗಿ ಗುರಿ ಮುಟ್ಟಿತು. ಇನ್ನೊಂದು ಕಾರನ್ನು ಓಡಿಸಿದವರಲ್ಲಿ ಸ್ವತಃ ಚಾಪ್‌ಮನ್ ಇದ್ದ, ಅದು ನಡುವೆ ಕೆಟ್ಟು ನಿಂತಿತು. 1957ರ ಓಟವನ್ನು ಗೆದ್ದದ್ದು 3,800 ಸಿಸಿಯ ಜಾಗ್ವಾರ್. ತೂಕದಲ್ಲಿ ಇಲೆವೆನ್‌ನ ಎರಡು ಪಟ್ಟಿಗೆ ಹತ್ತಿರ. ಅಂದು ಓಟ ಮುಗಿದಾಗ ನಾಲ್ಕು ಇಲೆವೆನ್‌ಗಳು ಇನ್ನೂ ಓಡುತ್ತಿದ್ದವು. ಮೆಕೆ-ಫ್ರೇಜರ್ ಮತ್ತು ಚೇಂಬರ್ಲೇನ್ ಜೋಡಿ 9ನೆಯ ಸ್ಥಾನದಲ್ಲಿ ತಮ್ಮ ವರ್ಗ ಗೆದ್ದಿತು. ಆಲಿಸನ್ ಮತ್ತು ಹಾಲ್ ಜೋಡಿಯ ಕಾರಿನಲ್ಲಿ ಇದ್ದದ್ದು ಬರಿಯ 744 ಸಿಸಿಯ ಎಂಜಿನ್. 14ನೆಯದಾಗಿ ಬಂದ ಅವರಿಗೆ ‘ಸಾಮರ್ಥ್ಯ ಸೂಚ್ಯಂಕ’ದ ಬಹುಮಾನ ಸಿಕ್ಕಿತು.

ಈ ಸೂಚ್ಯಂಕದ ಬಗ್ಗೆ ಎರಡು ಮಾತು ಹೇಳಬೇಕು. ಎಂಜಿನ್ನಿನ ಗಾತ್ರಕ್ಕೆ ತಕ್ಕಂತೆ ಒಂದೊಂದು ಕಾರಿಗೂ ಇಷ್ಟು ದೂರ ಓಡಬೇಕು ಎಂದು ಗುರಿ ಹಾಕುತ್ತಾರೆ. ಆ ಗುರಿಯನ್ನು ಯಾರು ಹೆಚ್ಚು ಮೀರಿದರೋ ಅವರು ಗೆದ್ದಂತೆ. ಫ್ರೆಂಚರು ತಮ್ಮ ಸಣ್ಣ ಕಾರುಗಳಿಗಾಗಿಯೇ ಇದನ್ನು ಇಟ್ಟುಕೊಂಡಿದ್ದಾರೆ ಎಂದು ಇಂಗ್ಲಿಷರು ಗೊಣಗುತ್ತಿದ್ದರು. ನನ್ನ ಮಟ್ಟಿಗೆ ಇದಕ್ಕಿಂತ ನ್ಯಾಯದ ಅಳತೆ ಇಲ್ಲ. ಸಿಕ್ಕಿದ್ದರಲ್ಲಿ ಏನು ಮಾಡಿದೆ ಎಂದು ಕೇಳುವ ಅಳತೆ ಅದು. ಆ ಪ್ರಶ್ನೆಗೆ ಕುದುರೆ ಲಾಯದಿಂದ ಬಂದ ಕಾರಿನ ಬಳಿ ಉತ್ತರವಿತ್ತು.

ಇಲ್ಲಿಗೆ ನಿಲ್ಲಿಸಿದ್ದರೆ ಇದೊಂದು ಹೊಗಳಿಕೆಯ ಲೇಖನವಾಗುತ್ತಿತ್ತು. ಚಾಪ್‌ಮನ್ ಹೆಸರಿನಲ್ಲಿ ಒಂದು ಮಾತು ಊರೆಲ್ಲ ಓಡಾಡುತ್ತದೆ. ಮೊದಲು ಸರಳಗೊಳಿಸು, ಆಮೇಲೆ ಹಗುರವನ್ನು ಸೇರಿಸು ಎಂಬರ್ಥದ್ದು. ಅಮೆರಿಕದ ವಿಮಾನ ವಿನ್ಯಾಸಕ ವಿಲಿಯಂ ಸ್ಟೌಟ್ ಹೆಸರಿನಲ್ಲಿ ಇಂಥದ್ದೇ ಮಾತು ಅದಕ್ಕೂ ಮೊದಲೇ ಚಲಾವಣೆಯಲ್ಲಿತ್ತು. ಯಾರದಾದರೂ ಆಗಲಿ, ಮಾತಿನಲ್ಲಿ ಒಂದು ಮೋಡಿ ಇದೆ. ಮೋಡಿ ಇರುವ ಮಾತನ್ನು ಎರಡು ಸಲ ಪರೀಕ್ಷಿಸಬೇಕು. ಹಗುರ ಎಷ್ಟರವರೆಗೆ? ಎಲ್ಲಿ ನಿಲ್ಲಬೇಕು? ತಗಡು ಹಿಗ್ಗಿಸುವವನಿಗೆ ಅಂಗೈ ಉತ್ತರ ಹೇಳುತ್ತದೆ. ಚಾಪ್‌ಮನ್‌ಗೆ ಯಾರು ಹೇಳಬೇಕಿತ್ತು?

ಮೊದಲ ಉತ್ತರ ಎರಡೇ ವರ್ಷಕ್ಕೆ ಬಂತು. 1958ರಲ್ಲಿ ಎರಿಕ್ ಬ್ರಾಡ್ಲಿ ಎಂಬ ಯುವಕ ಅದೇ ಕ್ಲೈಮ್ಯಾಕ್ಸ್ ಎಂಜಿನ್ ಇಟ್ಟು ಲೋಲಾ ಎಂಬ ಕಾರು ಕಟ್ಟಿದ. ತಿರುವುಗಳಲ್ಲಿ ಅದು ಇಲೆವೆನ್‌ಗಿಂತ ಹೆಚ್ಚು ನೆಟ್ಟಗೆ ನಡೆಯುತ್ತಿತ್ತು. ಚಾಪ್‌ಮನ್ 1959ರಲ್ಲಿ ಲೋಟಸ್ 17 ತಂದ. ಇಲೆವೆನ್‌ಗಿಂತ ಸಣ್ಣದು, ಇನ್ನೂ ಹಗುರ. ತೂಕ ಉಳಿಸಲು ಮುಂದಿನ ಚಕ್ರಗಳಿಗೂ ನಿಲುವುಗಂಬದಂಥ ಒಂಟಿ ಆಧಾರ ಕೊಟ್ಟಿದ್ದ. ತಿರುವಿನ ಒತ್ತಡದಲ್ಲಿ ಆ ಕಂಬಗಳು ಸಿಕ್ಕಿಬೀಳತೊಡಗಿದವು. ಕಾರು ಹೇಳಿದ ಮಾತು ಕೇಳಲಿಲ್ಲ. ಕೊನೆಗೆ ಬೇರೆ ತೋಳುಗಳನ್ನು ಜೋಡಿಸಿ ಮಾರಿದ ಕಾರುಗಳ ಮಾನ ಉಳಿಸಬೇಕಾಯಿತು. ಅಷ್ಟರಲ್ಲಿ ಗೆಲುವುಗಳು ಲೋಲಾದ ಪಾಲಾಗಿದ್ದವು. ಇಲೆವೆನ್‌ನಲ್ಲಿ ಕಳೆದದ್ದೆಲ್ಲ ಬೇಡದ್ದು, 17ರಲ್ಲಿ ಬೇಕಾದದ್ದನ್ನೂ ಕಳೆದ. ಎರಡೂ ಕಾರುಗಳ ಚಿತ್ರಗಳನ್ನು ಪಕ್ಕಪಕ್ಕ ಇಟ್ಟರೆ 17 ಹೆಚ್ಚು ಚಂದ ಎಂದು ಕೆಲವರಿಗೆ ಅನ್ನಿಸಲೂಬಹುದು.

ಕಾರು ಸೋತರೆ ಯಾರ ಮನೆಯೂ ಹಾಳಾಗುವುದಿಲ್ಲ. ನನ್ನನ್ನು ಕಾಡುವುದು ಬೇರೆ. 1960ರ ಬೆಲ್ಜಿಯಂ ಗ್ರಾಂಪ್ರಿಯ ಅಭ್ಯಾಸದಲ್ಲಿ ಸ್ಟರ್ಲಿಂಗ್ ಮಾಸ್ ಓಡಿಸುತ್ತಿದ್ದ ಲೋಟಸ್ 18ರ ಹಿಂದಿನ ಚಕ್ರ ಕಳಚಿ ಹಾರಿತು, ಮಾಸ್‌ನ ಮೂಳೆಗಳು ಮುರಿದವು. ಅದೇ ದಿನ ಅದೇ ಮಾದರಿಯ ಇನ್ನೊಂದು ಕಾರಿನ ಸ್ಟೀರಿಂಗ್ ದಂಡ ಮುರಿದು ಮೈಕ್ ಟೇಲರ್ ಮರಗಳಿಗೆ ನುಗ್ಗಿದ, ಅವನ ರೇಸ್ ಬದುಕು ಅಲ್ಲಿಗೆ ಮುಗಿಯಿತು. 1969ರಲ್ಲಿ ಸ್ಪೇನಿನ ಮಾಂಟ್‌ಜುಯಿಕ್‌ನಲ್ಲಿ ಗ್ರಹಾಂ ಹಿಲ್ ಮತ್ತು ಯೋಕನ್ ರಿಂಟ್ ಇಬ್ಬರ ಲೋಟಸ್‌ಗಳ ಹಿಂದಿನ ರೆಕ್ಕೆಗಳೂ ಒಂದೇ ಓಟದಲ್ಲಿ ಕುಸಿದವು. ಅದಾದ ಮೇಲೆ ರಿಂಟ್ ಚಾಪ್‌ಮನ್‌ಗೆ ಒಂದು ಪತ್ರ ಬರೆದ. ನಿನ್ನ ಕಾರುಗಳು ಹೇಗಿದ್ದರೂ ವೇಗವಾಗಿವೆ, ಮುರಿಯುವ ಭಾಗಗಳಿಗೆ ಕೆಲವು ಪೌಂಡು ತೂಕ ಸೇರಿಸಿದರೆ ಏನೂ ಹೋಗುವುದಿಲ್ಲ, ನಂಬಿಕೆ ಇಲ್ಲದೆ ಕಾರು ಓಡಿಸಲಾರೆ ಎಂಬುದು ಅದರ ತಾತ್ಪರ್ಯ. 1970ರ ಸೆಪ್ಟೆಂಬರ್ 5ರಂದು ಮೊಂಜಾದಲ್ಲಿ ರಿಂಟ್ ಸತ್ತ. ಅವನ ಲೋಟಸ್ 72ರ ಮುಂದಿನ ಬ್ರೇಕಿನ ದಂಡ ಮುರಿದಿತ್ತು. ಬ್ರೇಕನ್ನು ಚಕ್ರದಿಂದ ಒಳಕ್ಕೆ ಸರಿಸಿದರೆ ಚಕ್ರ ಹಗುರವಾಗುತ್ತದೆ ಎಂಬ, ಇಲೆವೆನ್‌ನ ಹಿಂಭಾಗದಲ್ಲಿ ನಾವು ಮೆಚ್ಚಿದ ಅದೇ ಯೋಚನೆ ಇಲ್ಲಿ ಮುಂಭಾಗಕ್ಕೂ ಬಂದಿತ್ತು. ಚಕ್ರಕ್ಕೂ ಬ್ರೇಕಿಗೂ ನಡುವೆ ಒಂದು ದಂಡ ಬೇಕಾಯಿತು. ದಂಡ ಟೊಳ್ಳಾಗಿತ್ತು. ಸಾವಿಗೆ ರಸ್ತೆ ಬದಿಯ ಕೆಟ್ಟ ತಡೆಬೇಲಿಯೂ ಕಾರಣ ಎಂದು ಇಟಲಿಯ ವಿಚಾರಣೆ ಹೇಳಿತು, ಅದು ನಿಜ. ಆ ವರ್ಷದ ವಿಶ್ವ ಚಾಂಪಿಯನ್ ಪಟ್ಟ ಸತ್ತ ಮನುಷ್ಯನಿಗೆ ಹೋಯಿತು.

ಎಲ್ಲ ಸಾವುಗಳನ್ನೂ ಒಬ್ಬನ ತಲೆಗೆ ಕಟ್ಟುವುದು ಅನ್ಯಾಯ. ಆ ಕಾಲದಲ್ಲಿ ಎಲ್ಲ ಕಂಪೆನಿಗಳ ಕಾರುಗಳಲ್ಲೂ ಜನ ಸಾಯುತ್ತಿದ್ದರು. ಲೆ ಮಾನ್‌ನಲ್ಲಿ ವರ್ಗ ಗೆದ್ದ ಮೂರೇ ವಾರಕ್ಕೆ, 1957ರ ಜುಲೈ 14ರಂದು, ಮೆಕೆ-ಫ್ರೇಜರ್ ಫ್ರಾನ್ಸಿನ ರೀಮ್ಸ್‌ನಲ್ಲಿ ಇಲೆವೆನ್ ಓಡಿಸುತ್ತಲೇ ಸತ್ತ. ವೇಗದ ತಿರುವಿನಲ್ಲಿ ಕಾರು ಹತೋಟಿ ತಪ್ಪಿತ್ತು. ಯುರೋಪಿನ ರೇಸ್ ಕಾರುಗಳಲ್ಲಿ ಆಗ ಸೀಟ್ ಬೆಲ್ಟ್ ಕಟ್ಟುವ ವಾಡಿಕೆಯೇ ಇರಲಿಲ್ಲ. ಅದು ಚಾಪ್‌ಮನ್ ಕಳೆದದ್ದಲ್ಲ, ಯಾರೂ ಸೇರಿಸಿರದಿದ್ದದ್ದು.

ಆದರೂ ಇಲೆವೆನ್‌ಗೂ ಆಮೇಲಿನ ಕಾರುಗಳಿಗೂ ನಡುವೆ ನನಗೊಂದು ವ್ಯತ್ಯಾಸ ಕಾಣುತ್ತದೆ. ಇಲೆವೆನ್ ಕಟ್ಟಿದವನು ಅದರಲ್ಲಿ ತಾನೇ ಕೂರುತ್ತಿದ್ದ. ಬೆಸುಗೆ ಬಿಟ್ಟರೆ ಅವನ ಕಾಲೇ ಮುರಿಯಬೇಕಿತ್ತು. ಕಾಸ್ಟಿನ್ ಅಂತೂ ಬಾನೆಟ್ ಮೇಲೆ ಮಲಗಿದವನು. ಅಂದಿನ ಲೋಟಸ್‌ನಲ್ಲಿ ಕಟ್ಟುವವರು, ರಿಪೇರಿ ಮಾಡುವವರು, ಓಡಿಸುವವರು ಎಂಬ ಭೇದವೇ ತೆಳುವಾಗಿತ್ತು. ಮುಂದೆ ಎರಡು ಸಲ ವಿಶ್ವ ಚಾಂಪಿಯನ್ ಆದ ಗ್ರಹಾಂ ಹಿಲ್ ಅಲ್ಲಿ ಮೆಕ್ಯಾನಿಕ್ ಆಗಿ ಸೇರಿ, 1956ರಲ್ಲಿ ಇಲೆವೆನ್ ಓಡಿಸಿ ಹೆಸರು ಮಾಡಿದವನು. ಮುಂದಿನ ವರ್ಷಗಳಲ್ಲಿ ಚಾಪ್‌ಮನ್ ಓಡಿಸುವುದನ್ನು ಬಿಟ್ಟ. ರಸ್ತೆ ಬದಿಯಲ್ಲಿ ಟೋಪಿ ಹಾಕಿ ನಿಂತು, ಗೆದ್ದಾಗ ಅದನ್ನು ಗಾಳಿಗೆ ತೂರುವವನಾದ. ಲೋಟಸ್ ಏಳು ಸಲ ಕಾರು ತಯಾರಕರ ವಿಶ್ವ ಚಾಂಪಿಯನ್ ಆಯಿತು. ಕಳೆಯುವ ಲೆಕ್ಕ ಮುಂದುವರಿಯಿತು, ಆದರೆ ಕಳೆಯುವವನೇ ಬೇರೆ, ಕಳೆದುಕೊಳ್ಳುವವನೇ ಬೇರೆ. ಚಾಪ್‌ಮನ್‌ನನ್ನು ಮೇಧಾವಿ ಎಂದು ಬರೆದವರೂ ಕಟುಕ ಎಂದು ಬರೆದವರೂ ಈ ಕುರ್ಚಿ ಬದಲಾದದ್ದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ನನಗೆ ಅದೇ ಮುಖ್ಯವಾಗಿ ಕಾಣುತ್ತದೆ.

ಕಾಸ್ಟಿನ್ ಬೇರೆ ದಾರಿ ಹಿಡಿದ. ಅವನು ಮೈ ಕೊಟ್ಟ ವ್ಯಾನ್‌ವಾಲ್ ಕಾರುಗಳು 1958ರಲ್ಲಿ ತಯಾರಕರ ಮೊದಲ ವಿಶ್ವ ಚಾಂಪಿಯನ್‌ಷಿಪ್ ಗೆದ್ದವು. ಆಮೇಲೆ 1959ರಲ್ಲಿ ಜೆಮ್ ಮಾರ್ಷ್ ಎಂಬವನ ಜೊತೆ ಸೇರಿ, ಇಬ್ಬರ ಹೆಸರನ್ನೂ ಕೂಡಿಸಿ ಮಾರ್ಕೋಸ್ ಎಂಬ ಕಾರು ಶುರು ಮಾಡಿದ. ಅದರ ಚಾಸಿ ಮರದ್ದು. ತೆಳು ಪದರಗಳನ್ನು ಅಂಟಿಸಿದ ಪ್ಲೈವುಡ್. ಡಿ ಹ್ಯಾವಿಲೆಂಡ್ ಕಂಪೆನಿ ಯುದ್ಧಕಾಲದಲ್ಲಿ ಮಾಸ್ಕಿಟೋ ಎಂಬ ಮರದ ವಿಮಾನ ಮಾಡಿದ್ದನ್ನು ಕಂಡವನಿಗೆ ಮರವೆಂದರೆ ಅಸಡ್ಡೆ ಇರಲಿಲ್ಲ. ಜನ ನಕ್ಕರು, ಕಾರು ಓಟ ಗೆದ್ದಿತು. ಅದರ ಬಗ್ಗೆ ಬೇರೆಯೇ ಬರೆಯಬೇಕು.

ಇಲೆವೆನ್‌ಗಳು ಇನ್ನೂ ಓಡುತ್ತಿವೆ. ಹಳೆಯ ಕಾರುಗಳ ಪಂದ್ಯಗಳಲ್ಲಿ ಈಗಲೂ ಅವುಗಳ ಸದ್ದು ಕೇಳುತ್ತದೆ. ಅವುಗಳ ಪ್ರತಿರೂಪಗಳನ್ನು ಮಾಡಿ ಮಾರಿದವರೂ ಇದ್ದಾರೆ. ಇತ್ತೀಚಿನ ಚಿತ್ರಗಳಲ್ಲಿ ಹಲವು ಕಾರುಗಳ ಚಾಲಕನ ತಲೆಯ ಹಿಂದೆ, ಕಾಸ್ಟಿನ್‌ನ ಮೀನಿನ ರೆಕ್ಕೆಯ ಪಕ್ಕದಲ್ಲೇ, ಉಕ್ಕಿನ ಕೊಳವೆಯ ಕಮಾನೊಂದು ಎದ್ದು ನಿಂತಿರುತ್ತದೆ. ಕಾರು ಮಗುಚಿದರೆ ತಲೆ ನೆಲಕ್ಕೆ ಬಡಿಯದಿರಲಿ ಎಂದು ಹಾಕಿದ್ದು. ಎದೆಯ ಮೇಲೆ ಅಗಲವಾದ ಬೆಲ್ಟು. ಎಲ್ಲ ಸೇರಿ ಕೆಲವು ಕೆ.ಜಿ. ತೂಕ. ಮೂಲ ರೂಪ ಕೆಟ್ಟಿತು, ಗೆರೆ ಹಾಳಾಯಿತು ಎಂದು ಹಳೆಯ ಕಾರುಗಳ ಪ್ರೇಮಿಗಳು ಬೇಸರಪಡುತ್ತಾರೆ. ಗೆರೆ ಹಾಳಾಗಿದೆ, ನಿಜ. ನಾನು ಆ ಚಿತ್ರಗಳನ್ನು ಮತ್ತೆ ಮತ್ತೆ ತೆಗೆದು ನೋಡುತ್ತೇನೆ. ಬರಬರುತ್ತಾ ನನ್ನ ಕಣ್ಣು ರೆಕ್ಕೆಯ ಕಡೆ ಹೋಗುವುದಕ್ಕಿಂತ ಮೊದಲು ಆ ಕಮಾನಿನ ಕಡೆ ಹೋಗುತ್ತಿದೆ, ಅದನ್ನು ಬೆಸೆದವನು ಮೂಲೆಯಲ್ಲಿ ಅಡ್ಡ ಕೊಳವೆ ಕೊಟ್ಟಿದ್ದಾನೋ ಇಲ್ಲವೋ ಎಂದು ನೋಡಲು.